ನಮ್ಮ ಬೀದಿ ಎಷ್ಟನೇ ನಂಬರು?

ಮೋಟಾರಿಗೆ ತಂತಿ ಸುತ್ತುವ ಕೆಲಸದಲ್ಲಿ ಲೆಕ್ಕ ತಪ್ಪಿದರೆ ಮುಗಿಯಿತು. ನಾನೂರು ಸುತ್ತು ಇರಬೇಕಾದ ಕಡೆ ಮುನ್ನೂರೆಂಬತ್ತು ಸುತ್ತಿದರೂ ಮೋಟಾರು ತಿರುಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಒಳಗೊಳಗೇ ಬಿಸಿಯಾಗಿ ಆರು ತಿಂಗಳಿಗೆ ಸುಟ್ಟ ವಾಸನೆ ಹೊಡೆಯುತ್ತದೆ. ಆಮೇಲೆ ಆ ಮನೆಯವರು ಮಿಕ್ಸಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದು ಅಂಗಡಿ ಮುಂದೆ ನಿಂತು ಬೈಯುತ್ತಾರೆ. ಅಂಥ ಬೈಗುಳ ವೈಂಡಿಂಗಮ್ಮ ಮೂವತ್ತು ವರ್ಷದಲ್ಲಿ ಒಂದೇ ಒಂದು ಸಲ ತಿಂದಿರಲಿಲ್ಲ. ಸುತ್ತುವಾಗ ಅವಳು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಯಾರಾದರೂ ಬಾಗಿಲಲ್ಲಿ ನಿಂತು, "ಅಮ್ಮಾ, ನಮ್ಮ ಫ್ಯಾನ್ ಆಯ್ತಾ?" ಅಂದರೆ, "ಇನ್ನೂರ ಹದಿನೇಳು" ಅನ್ನುತ್ತಿದ್ದಳು. ಹಳೇ ಗಿರಾಕಿಗಳು ಅರ್ಥ ಮಾಡಿಕೊಂಡು ಬೆಂಚಿನ ಮೇಲೆ ಕೂರುತ್ತಿದ್ದರು. ಹೊಸಬರು ಗಾಬರಿಯಾಗಿ, "ಯಾವ ಇನ್ನೂರ ಹದಿನೇಳು?" ಅಂದರೆ, "ಇನ್ನೂರ ಹದಿನೆಂಟು" ಅನ್ನುತ್ತಿದ್ದಳು.

ಅಂಗಡಿ ಅಪ್ಪನದು. ಒಂದು ಶಟರಿನಷ್ಟು ಅಗಲ, ಒಳಗೆ ಉದ್ದಕ್ಕೆ ಮೇಜು, ಮೇಜಿನ ತುಂಬ ಹೊಟ್ಟೆ ಬಗೆದ ಮೋಟಾರುಗಳು, ಗೋಡೆಗೆ ತಾಮ್ರದ ತಂತಿಯ ಉರುಳೆಗಳು, ಮೂಗಿಗೆ ವಾರ್ನಿಷ್ಷು. ಅಪ್ಪ ತೀರಿಕೊಂಡ ಮೇಲೆ ಅವಳೇ ಕೂತಳು. ಹೊಸದಾಗಿ ಬಂದವರು ಕತ್ತು ಚಾಚಿ ಒಳಗೆ ನೋಡಿ, "ಗಂಡಸರು ಯಾರೂ ಇಲ್ವಾ?" ಎಂದು ಕೇಳುತ್ತಿದ್ದರು. "ಇದ್ದಾರೆ, ಹಿಂದುಗಡೆ ಟೀ ಮಾಡ್ತಿದ್ದಾರೆ, ನಿಮಗೂ ಒಂದು ಲೋಟ ಹೇಳ್ಲಾ?" ಅನ್ನುತ್ತಿದ್ದಳು. ಅದು ನಿಜವೂ ಆಗಿತ್ತು. ಗಂಡ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದಲ್ಲಿದ್ದು ನಿವೃತ್ತನಾದವನು. ಟೀ ಅವನದೇ ಖಾತೆ.

ಈ ವೈಂಡಿಂಗಮ್ಮನಿಗೆ ಜೀವನದಲ್ಲಿ ಒಂದೇ ಒಂದು ಆಸೆ ಬಾಕಿ ಇತ್ತು. ತನ್ನ ಅಮ್ಮನ ಮುಖ ನೋಡಬೇಕು.

ನಗಬೇಡಿ. ಅಮ್ಮ ಹೋದಾಗ ಇವಳಿಗೆ ಎರಡು ವರ್ಷವೂ ತುಂಬಿರಲಿಲ್ಲ. ಮನೆಯಲ್ಲಿ ಒಂದು ಫೋಟೋ ಇಲ್ಲ. ಮುಂದಿನ ತಿಂಗಳು ಸ್ಟುಡಿಯೋಗೆ ಹೋಗೋಣ, ಮುಂದಿನ ತಿಂಗಳು ಹೋಗೋಣ ಅಂತ ಅಪ್ಪ ದಿನ ದೂಡಿದ. ಅಷ್ಟರಲ್ಲಿ ಜ್ವರ ಬಂತು, ನಾಲ್ಕೇ ದಿನಕ್ಕೆ ಎಲ್ಲ ಮುಗಿಯಿತು. ಅಪ್ಪ ಮೋಟಾರಿನ ಒಳಗಿರುವ ಒಂದೊಂದು ಎಳೆಯನ್ನೂ ಕಣ್ಣಿಗೆ ಕಟ್ಟಿದ ಹಾಗೆ ಹೇಳುತ್ತಿದ್ದ, ಹೆಂಡತಿಯ ಮುಖ ಹೇಳು ಅಂದರೆ ಅವನ ಕೈಲಾಗುತ್ತಿರಲಿಲ್ಲ. ಒಂದು ದಿನ "ನಿನ್ನ ಹಾಗೇ ಇದ್ಲು" ಅನ್ನುತ್ತಿದ್ದ, ಇನ್ನೊಂದು ದಿನ "ಸ್ವಲ್ಪಾನೂ ನಿನ್ನ ಹಾಗಿರ್ಲಿಲ್ಲ" ಅನ್ನುತ್ತಿದ್ದ. ಇನ್ನೂ ಕೇಳಿದರೆ ಎದ್ದು ಹೋಗಿ ಸುಮ್ಮನೆ ತಂತಿ ಸುತ್ತುತ್ತಿದ್ದ. ಶಾಲೆಯ ಗೇಟಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಲು ಬರುತ್ತಿದ್ದ ಅಮ್ಮಂದಿರ ಮುಖವನ್ನೆಲ್ಲ ಹುಡುಗಿ ನುಂಗುವ ಹಾಗೆ ನೋಡುತ್ತಿದ್ದಳು. ಇದರಲ್ಲಿ ಯಾವುದರ ಹಾಗಿತ್ತೋ ಏನೋ ಎಂದು.

ಅಪ್ಪ ಬಿಟ್ಟುಹೋದದ್ದು ಒಂದು ಚೀಟಿ. ಇವಳು ಒಂದೂವರೆ ವರ್ಷದ ಕೂಸಾಗಿದ್ದಾಗ ಹೊರದೇಶದ ಸಿನಿಮಾದವರು ಬಂದು ಇವರ ಬೀದಿಯಲ್ಲೇ ಎರಡು ದಿನ ಚಿತ್ರೀಕರಣ ಮಾಡಿದ್ದರಂತೆ. ಬೀದಿಯಲ್ಲಿ ಓಡಾಡುವುದಕ್ಕೆ ಜನ ಬೇಕು ಎಂದು ಒಂದಷ್ಟು ಮಂದಿಯನ್ನು ಆರಿಸಿ ಎಲ್ಲರಿಗೂ ಚೀಟಿ ಕೊಟ್ಟರಂತೆ. ಅದರಲ್ಲಿ ಅಮ್ಮನೂ ಒಬ್ಬಳು. ಮನೆಮನೆಯ ಬಟ್ಟೆ ಒಗೆಯುತ್ತಿದ್ದವಳು, ಗಂಟು ಹೊತ್ತು ನಡೆದು ಹೋಗು ಅಂದರಂತೆ, ನಡೆದಳಂತೆ. ಚೀಟಿಯ ಮೇಲೆ ಅವರ ಭಾಷೆಯಲ್ಲಿ ಸಿನಿಮಾದ ಹೆಸರು. ಆ ಸಿನಿಮಾ ಈ ದೇಶದ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಚೀಟಿ ಮಾತ್ರ ತಂತಿಯ ಅಳತೆಪಟ್ಟಿಗಳ ಡಬ್ಬಿಯಲ್ಲಿ ಬೆಚ್ಚಗೆ ಉಳಿಯಿತು.

ಗಿರಾಕಿಗಳ ಪೈಕಿ ಹಡಗಿನಲ್ಲಿ ಅಡಿಗೆ ಮಾಡುವವನೊಬ್ಬನಿದ್ದ. ವರ್ಷಕ್ಕೊಮ್ಮೆ ರಜೆಗೆ ಬಂದಾಗ ಮನೆಯಲ್ಲಿ ಕೆಟ್ಟು ಕೂತಿದ್ದನ್ನೆಲ್ಲ ಹೊತ್ತು ತರುತ್ತಿದ್ದ. ವೈಂಡಿಂಗಮ್ಮ ಚೀಟಿಯ ಅಕ್ಷರಗಳನ್ನು ರಂಗೋಲಿ ಬಿಡಿಸಿದ ಹಾಗೆ ಹಾಳೆಯ ಮೇಲೆ ಬಿಡಿಸಿ ಅವನ ಕೈಗಿಟ್ಟಳು. "ಯಾವ ಬಂದರಲ್ಲಿ ಇಳಿದ್ರೂ ಇದನ್ನ ಕೇಳು. ನಿನ್ನ ಜೀವಮಾನ ಪೂರ್ತಿ ನಿನ್ನ ಮನೆ ಮಿಕ್ಸಿ ನನ್ನ ಜವಾಬ್ದಾರಿ" ಅಂದಳು. ಒಂಬತ್ತು ವರ್ಷ ಅವನು ಪ್ರತಿ ಸಲವೂ ಬಂದು ತಲೆ ಅಲ್ಲಾಡಿಸಿದ. ಹತ್ತನೆಯ ಸಲ ಬಾಗಿಲಲ್ಲೇ ಕೂಗಿದ: "ಸಿಕ್ತು ಅಕ್ಕಾ! ಬಂದರಿನ ಹತ್ರ ಒಂದು ಹಳೇ ಸಾಮಾನಿನ ಅಂಗಡೀಲಿ ಸಿಕ್ತು!"

ಅವಳು ಆಗ ಮುನ್ನೂರ ನಾಲ್ಕರಲ್ಲಿದ್ದಳು. ಲೆಕ್ಕ ತಪ್ಪಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ತಂತಿಯನ್ನು ಅಲ್ಲಿಗೇ ಬಿಟ್ಟು ಎದ್ದಳು.

ಪ್ಲಾಸ್ಟಿಕ್ಕಿನ ಡಬ್ಬಿ, ಮೇಲೆ ಟೋಪಿ ಹಾಕಿದ ಗಂಡಸು, ಅವನ ಭುಜಕ್ಕೆ ಒರಗಿದ ಹೆಂಗಸು. ಒಳಗೆ ಮಿರಮಿರ ಮಿಂಚುವ ಡಿವಿಡಿ. ಮನೆಗೆ ಓಡಿದಳು. ಗಂಡ ಟಿವಿ ಹಾಕಿದ. ಡಿವಿಡಿ ಪ್ಲೇಯರ್ ನಾಲಿಗೆ ಚಾಚಿತು, ಡಿಸ್ಕನ್ನು ನುಂಗಿತು, ಗಿರ್ರೆಂದು ತಿರುಗಿಸಿತು, ಆಮೇಲೆ ನಿಂತುಬಿಟ್ಟಿತು. ಪರದೆಯ ಮೇಲೆ ಒಂದು ಸಾಲು ಬಂತು. ಗಂಡ ಕನ್ನಡಕ ಏರಿಸಿ ಓದಿದ: "ಈ ಡಿಸ್ಕು ನಿಮ್ಮ ಪ್ರದೇಶದ್ದಲ್ಲ, ಹಾಕಕ್ಕಾಗಲ್ಲ ಅಂತಿದೆ ಕಣೇ."

"ಏನು? ಇನ್ನೊಂದ್ಸಲ ಹಾಕಿ."

ಹನ್ನೆರಡು ಸಲ ಹಾಕಿದರು. ಹನ್ನೆರಡು ಸಲವೂ ಅದೇ ಮಾತು. ವೈಂಡಿಂಗಮ್ಮ ತಿರುಪುಳಿ ತಂದು ಪ್ಲೇಯರಿನ ಮುಚ್ಚಳವನ್ನೇ ತೆಗೆದಳು. ಗಂಡ "ಬೇಡ್ವೇ" ಅನ್ನುವಷ್ಟರಲ್ಲಿ ನಾಲ್ಕು ಸ್ಕ್ರೂ ಕೆಳಗಿದ್ದವು. ಒಳಗಿನ ಪುಟ್ಟ ಮೋಟಾರಿಗೆ ಕಿವಿ ಕೊಟ್ಟಳು. ಒಂದಿಷ್ಟೂ ತೊಡಕಿಲ್ಲದೆ ತಿರುಗುತ್ತಿತ್ತು. ಗಾಜನ್ನು ಒರೆಸಿದಳು, ಹಲ್ಲಿನ ಚಕ್ರಗಳನ್ನು ನೋಡಿದಳು. ಎಲ್ಲಿಯೂ ಏನೂ ಕೆಟ್ಟಿಲ್ಲ. ಆಗ ಅವಳಿಗೆ ನಿಜವಾಗಿ ಕೋಪ ಬಂತು.

"ಕೆಟ್ಟಿದ್ರೆ ರಿಪೇರಿ ಮಾಡ್ಬಹುದು ರೀ. ನೆಟ್ಟಗಿದ್ದೂ ಮಾಡಲ್ಲ ಅಂತ ಕೂತ್ರೆ ಇದಕ್ಕೆ ಏನ್ ಮಾಡೋದು?"

ಗಂಡ 'ನಿನ್ನ ಹಾಗೇ' ಎಂದು ಬಾಯಿ ತುದಿಗೆ ಬಂದ ಮಾತನ್ನು ನುಂಗಿಕೊಂಡ. ಆ ಮಾತು ಏನಿದ್ದಿರಬಹುದು ಎಂದು ಅವಳಿಗೂ ಗೊತ್ತಾಗಿ ಒಂದು ಸಲ ಕೆಕ್ಕರಿಸಿ ನೋಡಿದಳು.

ಅವಸರಕ್ಕೆ ಕಾರಣವಿತ್ತು. ಅಮ್ಮನ ಮುಖ ಕಂಡವರು ಈ ಭೂಮಿಯ ಮೇಲೆ ಉಳಿದಿದ್ದದ್ದು ಒಬ್ಬಳೇ, ಅಮ್ಮನ ತಂಗಿ. ಸಿನಿಮಾದಲ್ಲಿ ನೂರು ಹೆಂಗಸರು ಓಡಾಡಿದರೆ ಇವಳೇ ನಿನ್ನಮ್ಮ ಎಂದು ಬೆರಳಿಟ್ಟು ತೋರಿಸಬೇಕಾದವಳು ಚಿಕ್ಕಮ್ಮನೇ. ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ. ಎಡಗಣ್ಣು ಹೋಗಿ ಎರಡು ವರ್ಷವಾಗಿತ್ತು. ಬಲಗಣ್ಣಿನ ಬಗ್ಗೆ ಡಾಕ್ಟರು, "ಆರು ತಿಂಗಳು ಅಂತ ಇಟ್ಕೊಳ್ಳಿ, ಅದಕ್ಕಿಂತ ಮೊದಲೇ ಆದ್ರೂ ಆಶ್ಚರ್ಯ ಇಲ್ಲ" ಎಂದಿದ್ದರು. ಅದು ಹೇಳಿ ಎರಡು ತಿಂಗಳು ಕಳೆದಿತ್ತು.

ಆ ಚಿಕ್ಕಮ್ಮನೋ, ಈ ಸುದ್ದಿ ಎತ್ತಿದರೆ ಸಾಕು ಮುಖ ಸಿಂಡರಿಸುತ್ತಿದ್ದಳು. "ಯಾಕೆ ಮಗು ಇಷ್ಟು ಒದ್ದಾಡ್ತೀಯ? ಅದರಲ್ಲಿ ಅವಳು ಇರಲ್ಲ. ಅವಳದ್ದು ತೆಗೆದು ಬಿಸಾಕಿರ್ತಾರೆ. ಬಿಟ್ಬಿಡು."

"ಇಲ್ಲಾಂದ್ರೆ ಇಲ್ಲ. ಒಂದು ಸಲ ನೋಡಿ ಇಲ್ಲ ಅಂತ ಗೊತ್ತು ಮಾಡ್ಕೋತೀನಿ" ಅಂದಳು ವೈಂಡಿಂಗಮ್ಮ. ಪಟ್ಟು ಹಿಡಿದರೆ ಅವಳು ಅಪ್ಪನ ಮಗಳು.

ಮೊದಲು ಹೋದದ್ದು ಸಿನಿಮಾ ಡಿಸ್ಕು ಬಾಡಿಗೆ ಕೊಡುವ ಅಂಗಡಿಗೆ. ಬಸ್ಸಿನ ನೂಕುನುಗ್ಗಲಿನಲ್ಲಿ ಡಬ್ಬಿ ಒಡೆದೀತು ಎಂದು ಅದನ್ನು ಮನೆಯ ಬೀರುವಿನಲ್ಲಿಟ್ಟು, ಡಿಸ್ಕೊಂದನ್ನೇ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಹೋದಳು. ಅಂಗಡಿಯವನು ಕೇಳಿ ನಕ್ಕ.

"ಭೂಮೀನ ಆರು ತುಂಡು ಮಾಡಿದ್ದಾರೆ ಅಮ್ಮಾ. ಒಂದೊಂದು ತುಂಡಿಗೂ ಒಂದೊಂದು ನಂಬರ್. ಆ ನಂಬರಿನ ಡಿಸ್ಕು ಆ ನಂಬರಿನ ಮಷೀನಲ್ಲಿ ಮಾತ್ರ ಓಡುತ್ತೆ."

"ಯಾರು ತುಂಡು ಮಾಡಿದ್ದು?"

"ಸಿನಿಮಾ ಕಂಪನಿಯೋರು."

"ಭೂಮಿ ಅವರಪ್ಪನ ಮನೆ ಆಸ್ತೀನಾ?"

ಅಂಗಡಿಯವನು ತನ್ನ ಕಂಪ್ಯೂಟರಿನಲ್ಲಿ ಹಾಕಿ ತೋರಿಸುತ್ತೇನೆ ಎಂದ. ಕಂಪ್ಯೂಟರಿನಲ್ಲಿ ನಂಬರು ಬದಲಾಯಿಸಬಹುದಂತೆ, ಐದೇ ಐದು ಸಲ. ಐದನೆಯ ಸಲ ಯಾವ ನಂಬರಿಗೆ ನಿಲ್ಲಿಸುತ್ತೀರೋ ಅದೇ ಅದರ ಹಣೆಬರಹ, ಮತ್ತೆ ಬದಲಾಗುವುದಿಲ್ಲ. "ಈಗಾಗ್ಲೇ ಎಷ್ಟು ಸಲ ಆಗಿದೆ?" ಎಂದು ಅವಳು ಕೇಳಿದಳು. "ಎರಡೋ ಮೂರೋ" ಅಂದ ಅವನು. ಎರಡೋ ಮೂರೋ! ಅವಳ ಮೈ ಉರಿಯಿತು. ಪರದೆ ನೋಡಿದರೆ ಉಳಿದಿದ್ದದ್ದು ಒಂದೇ ಒಂದು.

"ನಿಂತ್ಕೋ. ಡಿಸ್ಕಿನ ನಂಬರು ಎಷ್ಟು?"

"ಡಬ್ಬಿ ಹಿಂದೆ ಇರುತ್ತೆ, ಒಂದು ಗೋಲದ ಗುರುತಿನ ಒಳಗೆ."

"ಡಬ್ಬಿ ಮನೇಲಿದೆ. ಹೋಗಿ ತರ್ತೀನಿ, ಕೈ ಹಚ್ಚಬೇಡ."

"ಯಾಕಮ್ಮಾ ಸುಮ್ನೆ ಓಡಾಡ್ತೀರ? ಯಾವ ದೇಶದ ಬಂದರು ಅಂದ್ರಿ? ಹಾಗಾದ್ರೆ ಒಂದನೇ ನಂಬರು, ನಂಗೊತ್ತಿಲ್ವಾ" ಎಂದವನೇ ಗುಂಡಿ ಒತ್ತಿಬಿಟ್ಟ. ಬಂದರಿನ ಹಳೇ ಸಾಮಾನಿನ ಅಂಗಡಿಗೆ ಯಾವ ಯಾವ ದೇಶದ ಹಡಗಿನವರು ಏನೇನು ಮಾರಿ ಹೋಗಿರುತ್ತಾರೋ ಯಾರಿಗೆ ಗೊತ್ತು! ಡಿಸ್ಕು ಎರಡನೇ ನಂಬರಿನದು. ಕಂಪ್ಯೂಟರು ಒಂದನೇ ನಂಬರಿಗೆ ಬೀಗ ಹಾಕಿಕೊಂಡು ಕೂತಿತು.

ಆ ದಿನ ಅವನಿಗೆ ಸಿಕ್ಕ ಬೈಗುಳ ಎದುರಿನ ಹೂವಿನ ಅಂಗಡಿಯವರೆಗೂ ಕೇಳಿಸಿತು. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಬೈದುಕೊಂಡದ್ದು ತನ್ನನ್ನೇ. ಡಬ್ಬಿ ಒಡೆಯುತ್ತದಂತೆ! ಡಬ್ಬಿ ತಂದಿದ್ದರೆ ಇವತ್ತು ಅಮ್ಮನ ಮುಖ ನೋಡುತ್ತಿದ್ದೆ. ಕಿಟಕಿಯ ಕಡೆ ತಿರುಗಿ ಎರಡು ಹನಿ ಕಣ್ಣೀರು ಹಾಕಿದಳು. ಇಳಿಯುವ ಹೊತ್ತಿಗೆ ಒರೆಸಿಕೊಂಡು ಮುಂದೇನು ಎಂದು ಯೋಚಿಸುತ್ತಿದ್ದಳು.

ಮನೆಯಲ್ಲಿ ಗಂಡ ಸಮಾಧಾನ ಮಾಡಲು ಹೋಗಿ ಒಂದು ಎಡವಟ್ಟು ಮಾಡಿದ. "ನೋಡು, ನಂಬರ್ ಅಂದ್ಮೇಲೆ ನಂಬರ್. ನಾವೂ ಅಂಚೇಲಿ ಪಿನ್ ನಂಬರ್ ನೋಡೇ ಕಾಗದ ವಿಂಗಡಿಸ್ತಿದ್ವಿ" ಅಂದ.

"ನಂಬರ್ ತಪ್ಪಿದ್ರೆ ಕಾಗದ ಹರಿದು ಹಾಕ್ತಿದ್ರಾ?"

ಅವನು ಟೀ ಲೋಟ ಕೆಳಗಿಟ್ಟ. "ಇಲ್ಲ ಕಣೇ. ವಿಳಾಸಾನೇ ಇಲ್ಲದ ಕಾಗದಾನೂ ಊರೆಲ್ಲ ಕೇಳಿ ಮುಟ್ಟಿಸಿದ್ದೀವಿ. 'ನಲ್ಲಿ ಪಕ್ಕದ ಮನೆ ಅಜ್ಜಿಗೆ' ಅಂತ ಒಂದು ಬಂದಿತ್ತು. ಮೂರು ವಾರ ಹಿಡೀತು, ಮುಟ್ಟಿಸ್ದೆ." ಆಮೇಲೆ ಅವನಿಗೇ ರೋಷ ಬಂತು. "ಅಲ್ಲಾ, ಇವರದ್ದು ಎಂಥ ಕೆಲಸ ಅಂತೀನಿ! ಸರಿಯಾದ ಮನೆ ಬಾಗಿಲಿಗೆ ಬಂದಿರೋ ಕಾಗದಾನ ತೆಗೀಬೇಡ ಅಂತಾರಲ್ಲ!" ಆ ದಿನದಿಂದ ಅವನು ಅವಳ ಪಕ್ಷ.

ನಾಲ್ಕು ದಿನ ಬಿಟ್ಟು ಡಿಸ್ಕಿನ ಅಂಗಡಿಯವನೇ ಮುಖ ಚಿಕ್ಕದು ಮಾಡಿಕೊಂಡು ಬಂದ. ಬೈಸಿಕೊಂಡದ್ದು ಅವನನ್ನು ಕೊರೆಯುತ್ತಿತ್ತು. ವಿಚಾರಿಸಿಕೊಂಡು ಬಂದಿದ್ದ. ಇಂಥ ಪ್ಲೇಯರುಗಳ ಒಳಗೆ ಗಿರಾಕಿಗಳಿಗೆ ಕಾಣದ ಒಂದು ಪುಟ ಇರುತ್ತದಂತೆ. ರಿಮೋಟಿನಲ್ಲಿ ಯಾವುದೋ ನಾಲ್ಕು ಅಂಕಿ ಒತ್ತಿದರೆ ಅದು ತೆರೆಯುತ್ತದೆ, ಅಲ್ಲಿ ನಂಬರನ್ನು ಸೊನ್ನೆ ಮಾಡಿದರೆ ಎಲ್ಲ ದೇಶದ ಡಿಸ್ಕೂ ಓಡುತ್ತದೆ. ಆ ನಾಲ್ಕು ಅಂಕಿ ಒಂದೊಂದು ಕಂಪನಿಯ ಮಷೀನಿಗೂ ಬೇರೆ, ಆ ಕಂಪನಿಯ ಸರ್ವಿಸ್ ಸೆಂಟರಿನವರಿಗೆ ಮಾತ್ರ ಗೊತ್ತು.

ಮಾರನೆಯ ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ವೈಂಡಿಂಗಮ್ಮ ಸರ್ವಿಸ್ ಸೆಂಟರಿನ ಮುಂದಿದ್ದಳು. ಕೌಂಟರಿನಲ್ಲಿ ಇಸ್ತ್ರಿ ಮಾಡಿದ ಅಂಗಿಯ ಗುಮಾಸ್ತ. ಎಲ್ಲ ಕೇಳಿಸಿಕೊಂಡ. ಆಮೇಲೆ, "ಅದನ್ನ ನಾವು ಹೇಳೋ ಹಾಗಿಲ್ಲಮ್ಮ. ಕಂಪನಿ ರೂಲ್ಸು. ಈ ಪ್ರದೇಶದ ಡಿಸ್ಕು ತಂದು ಹಾಕ್ಕೊಳ್ಳಿ" ಎಂದ.

"ಈ ಪ್ರದೇಶದಲ್ಲಿ ಇದು ಬಂದೇ ಇಲ್ಲವಲ್ಲಪ್ಪ."

"ಹಾಗಾದ್ರೆ ನಾವೇನೂ ಮಾಡಕ್ಕಾಗಲ್ಲ."

"ಸರಿ. ಕೂತಿರ್ತೀನಿ" ಎಂದು ಬೆಂಚಿನ ಮೇಲೆ ಕೂತಳು. ಕೂತದ್ದು ಸಂಜೆ ಬಾಗಿಲು ಹಾಕುವವರೆಗೆ. ಎರಡನೆಯ ದಿನ ಬುತ್ತಿ ಕಟ್ಟಿಕೊಂಡು, ಸುತ್ತಬೇಕಾಗಿದ್ದ ಒಂದು ಸಣ್ಣ ಮೋಟಾರನ್ನೂ ಚೀಲದಲ್ಲಿ ಹಾಕಿಕೊಂಡು ಬಂದಳು. ಬಂದುಹೋಗುವ ಗಿರಾಕಿಗಳೆಲ್ಲ ಇದೇನು ಹೊಸ ವಿಭಾಗ ಎಂಬಂತೆ ನೋಡಿದರು. ಗುಮಾಸ್ತ "ಅಮ್ಮಾ, ಇಲ್ಲಿ ಹೀಗೆಲ್ಲ ಕೂರಬಾರದು" ಎಂದ. "ನೂರ ಆರು" ಎಂದಳು ಅವಳು.

ಮೂರನೆಯ ದಿನ ಅವಳ ಸಹನೆ ಮೀರಿತು. ಗುಮಾಸ್ತನ ಮೇಲಲ್ಲ, ಅವನ ನೆತ್ತಿಯ ಮೇಲೆ ತಿರುಗುತ್ತಿದ್ದ ಫ್ಯಾನಿನ ಮೇಲೆ. ಎರಡು ದಿನದಿಂದ ಅದು ಕರಕರ ಎಂದು ಅವಳ ಜೀವ ತಿನ್ನುತ್ತಿತ್ತು. "ಸ್ವಿಚ್ ಆರಿಸು" ಎಂದಳು. ಅವನು ಏನು ಎತ್ತ ಕೇಳದೆ ಆರಿಸಿದ. ಮೇಜಿನ ಮೇಲೆ ಹತ್ತಿ ಫ್ಯಾನನ್ನು ಇಳಿಸಿ, ಬಿಚ್ಚಿ, ಸವೆದ ಬೇರಿಂಗನ್ನು ಎತ್ತಿ ತೋರಿಸಿ, "ಇನ್ನೊಂದು ತಿಂಗಳು ಬಿಟ್ಟಿದ್ರೆ ನಿನ್ನ ತಲೆ ಮೇಲೇ ಬೀಳ್ತಿತ್ತು" ಅಂದಳು. ಚೀಲದಲ್ಲಿದ್ದ ಬೇರಿಂಗನ್ನೇ ಕೂರಿಸಿ ಮತ್ತೆ ಏರಿಸಿದಳು. ಫ್ಯಾನು ಸದ್ದಿಲ್ಲದೆ ತಿರುಗಿತು. ಗುಮಾಸ್ತ ತಲೆಯೆತ್ತಿ ನೋಡಿದ. ಆಮೇಲೆ ಇವಳನ್ನು ನೋಡಿದ.

"ಏನಿದೆಯಮ್ಮಾ ಅಂಥದ್ದು, ಆ ಡಿಸ್ಕಲ್ಲಿ?"

"ನಮ್ಮಮ್ಮ."

ಅವನಿಗೆ ಅರ್ಥವಾಗಲಿಲ್ಲ. ಅವಳು ಹೇಳಿದಳು. ಫೋಟೋ ಇಲ್ಲದ್ದು, ಚೀಟಿ, ಹಡಗಿನವನು, ಚಿಕ್ಕಮ್ಮನ ಕಣ್ಣು. "ನಮ್ಮ ಬೀದೀಲೇ ತೆಗೆದಿದ್ದು ಕಣಪ್ಪ. ನಮ್ಮನೆ ಮುಂದಿನ ನಲ್ಲಿ ಹತ್ರ. ಅದನ್ನ ನಮ್ಮ ಬೀದೀಲಿ ನೋಡಬಾರದು ಅಂತೀಯಲ್ಲ, ಹಾಗಾದ್ರೆ ನಮ್ಮ ಬೀದಿ ಎಷ್ಟನೇ ನಂಬರು? ನಿನ್ನ ರೂಲ್ಸಿನ ಪುಸ್ತಕ ತೆಗೆದು ಹೇಳು."

ಗುಮಾಸ್ತ ಒಳಗೆ ಹೋದ. ಐದು ನಿಮಿಷ ಬಿಟ್ಟು ಬಂದು, ಕೌಂಟರಿನ ಮೇಲೆ ಕೈಯೂರಿ, ಇಡೀ ಅಂಗಡಿಗೆ ಕೇಳುವ ಹಾಗೆ ಗಂಭೀರವಾಗಿ ಹೇಳಿದ: "ನೋಡಿ ಅಮ್ಮಾ, ಒಂದು ಎಚ್ಚರಿಕೆ ಕೊಡ್ತೀನಿ. ನಿಮ್ಮ ಮಷೀನಿನ ಬಾಗಿಲು ತೆಗೆದಿಟ್ಟು, ರಿಮೋಟಲ್ಲಿ ಒಂದು, ಮೂರು, ಎಂಟು, ಒಂಬತ್ತು ಅಂತ ಅಪ್ಪಿತಪ್ಪಿಯೂ ಒತ್ತಬೇಡಿ. ಒತ್ತಿದ್ರೆ ಬೇಡದ ಪುಟ ತೆರ್ಕೊಳ್ಳುತ್ತೆ. ಅಲ್ಲಿ ಸೊನ್ನೆ ಹಾಕಿ ಓಕೆ ಕೊಟ್ಟುಬಿಟ್ಟೀರಿ, ಹುಷಾರು!"

ವೈಂಡಿಂಗಮ್ಮ ಅಷ್ಟೇ ಗಂಭೀರವಾಗಿ ತಲೆಯಾಡಿಸಿದಳು. "ಛೆ ಛೆ, ಒತ್ತೋದುಂಟೇ! ಏನು ಒತ್ತಬಾರದು ಅಂತ ಇನ್ನೊಂದ್ಸಲ ನಿಧಾನವಾಗಿ ಹೇಳಪ್ಪ, ಬರ್ಕೋತೀನಿ. ವಯಸ್ಸಾಯ್ತು, ಮರೆತು ಒತ್ತಿಬಿಟ್ಟೇನು."

ಅವನು ನಿಧಾನವಾಗಿ ಹೇಳಿದ. ಅವಳು ಬರೆದುಕೊಂಡಳು. ಹೊರಡುವಾಗ ಕೈಯೆತ್ತಿ ಅವನ ತಲೆ ಸವರಿದಳು. ಇಸ್ತ್ರಿ ಅಂಗಿಯ ಗುಮಾಸ್ತ ಕಣ್ಣು ತಗ್ಗಿಸಿದ.

ಮರುದಿನ ಮಧ್ಯಾಹ್ನ ಚಿಕ್ಕಮ್ಮನನ್ನು ಆಟೋದಲ್ಲಿ ಕೂರಿಸಿ ಕರೆತಂದದ್ದಾಯಿತು. ಅವಳು ದಾರಿಯುದ್ದಕ್ಕೂ ಗೊಣಗಿದಳು. ಮೊಣಕಾಲು ನೋವು ಅಂದಳು, ತಲೆಸುತ್ತು ಅಂದಳು, ನಾಳೆ ನೋಡೋಣ ಅಂದಳು. ವೈಂಡಿಂಗಮ್ಮ ಜಪ್ಪಯ್ಯ ಅಂದರೂ ಬಿಡಲಿಲ್ಲ. ಟಿವಿಯಿಂದ ಒಂದು ಮೊಳ ದೂರದಲ್ಲಿ ಮಣೆ ಹಾಕಿ ಕೂರಿಸಿದಳು. ಒಂದು, ಮೂರು, ಎಂಟು, ಒಂಬತ್ತು. ಪರದೆಯ ಮೇಲೆ ಬೂದು ಬಣ್ಣದ ಪುಟವೊಂದು ತೆರೆಯಿತು. ಸೊನ್ನೆ ಒತ್ತಿದಳು. ಡಿಸ್ಕು ಒಳಗೆ ಹೋಯಿತು, ಗಿರ್ರೆಂದಿತು, ಈ ಸಲ ನಿಲ್ಲಲಿಲ್ಲ. ಕಪ್ಪು ಬಿಳುಪಿನಲ್ಲಿ ಒಂದು ಹಡಗು ಬಂತು, ಸಂಗೀತ ಬಂತು. ಗಂಡ "ಬಂತು ಬಂತು!" ಎಂದು ಕುಣಿದೇಬಿಟ್ಟ.

ಭಾಷೆ ಒಂದಕ್ಷರ ತಿಳಿಯದು. ಟೋಪಿಯವನು ಹೆಂಗಸನ್ನು ಹುಡುಕುತ್ತಿದ್ದ, ಹೆಂಗಸು ಅವನಿಂದ ತಪ್ಪಿಸಿಕೊಳ್ಳುತ್ತಿದ್ದಳು, ಮುಕ್ಕಾಲು ಗಂಟೆ ಇದೇ ಆಯಿತು. ಆಮೇಲೆ ಒಂದು ಕಾರು ಬಂದು ನಿಂತಿತು. ನಿಂತದ್ದು ಇವರ ಬೀದಿಯಲ್ಲಿ. ಮೂಲೆಯ ಮನೆಯ ಮೆಟ್ಟಿಲು, ನಡುವೆ ಬಾಗಿದ ಕಂಬ, ಈಗ ಇಲ್ಲದ ಹಂಚಿನ ಸಾಲು. ಜನ ಓಡಾಡುತ್ತಿದ್ದರು. ಒಬ್ಬರೂ ಇತ್ತ ಮುಖ ತಿರುಗಿಸುತ್ತಿರಲಿಲ್ಲ, ಎಲ್ಲ ಬೆನ್ನುಗಳೇ.

"ಕ್ಯಾಮರಾ ಕಡೆ ನೋಡಿದ್ರೆ ಓಡಿಸ್ತೀವಿ ಅಂದಿದ್ರು" ಅಂದಳು ಚಿಕ್ಕಮ್ಮ. ಅವಳ ದನಿ ಬದಲಾಗಿತ್ತು. ಇದ್ದೊಂದು ಕಣ್ಣನ್ನು ಗಾಜಿಗೆ ಒತ್ತುವಷ್ಟು ಹತ್ತಿರ ಸರಿದಳು. "ಇವಳಲ್ಲ... ಇವಳಲ್ಲ... ಇವಳು ಕಾಯಿಪಲ್ಲೆ ಮಾರೋಳು... ಅಗೋ!"

ತಲೆಯ ಮೇಲೆ ಬಟ್ಟೆಯ ಗಂಟು. ಒಂದು ಕೈ ಗಂಟಿಗೆ, ಇನ್ನೊಂದು ಕೈ ಬೀಸುತ್ತ, ಸಣ್ಣ ನಡುವಿನ ಒಬ್ಬಳು ಸರಸರ ನಡೆದು ಹೋದಳು. ಕಾರಿನ ಆಚೆಗೆ ಮರೆಯಾದಳು. ಟೋಪಿಯವನು ಹೆಂಗಸನ್ನು ಅಪ್ಪಿಕೊಂಡ. ಬೀದಿ ಮುಗಿಯಿತು.

ತಿರುಗಿಸಿ ನೋಡಿದರು. ಇನ್ನೊಂದು ಸಲ ನೋಡಿದರು. ಬೆನ್ನು, ಬೆನ್ನು, ಬರೀ ಬೆನ್ನು. ಐವತ್ತು ವರ್ಷ ಕಾದದ್ದು ಒಂದು ಬೆನ್ನಿಗಾಗಿಯೇ? ಗಂಡ ವೈಂಡಿಂಗಮ್ಮನ ಭುಜದ ಮೇಲೆ ಕೈಯಿಟ್ಟ.

"ಸಾಕು ಮಗು, ಆರಿಸು" ಅಂದಳು ಚಿಕ್ಕಮ್ಮ ಅವಸರವಾಗಿ.

"ಇಲ್ಲ" ಅಂದಳು ವೈಂಡಿಂಗಮ್ಮ. ರಿಮೋಟಿನಲ್ಲಿ ಚಿತ್ರವನ್ನು ಒಂದೊಂದೇ ಹೆಜ್ಜೆ ಮುಂದಕ್ಕೆ ತಳ್ಳುವ ಗುಂಡಿಯೊಂದಿತ್ತು. ಅದನ್ನು ಒತ್ತತೊಡಗಿದಳು. ಗಂಟು ಹೊತ್ತವಳು ಕೂದಲೆಳೆಯಷ್ಟು ಸರಿದಳು, ಮತ್ತೆ ಸರಿದಳು. ಕಾರಿನ ಹಿಂದೆ ಹೋದಳು. ವೈಂಡಿಂಗಮ್ಮ ಬಿಡಲಿಲ್ಲ, ಒತ್ತುತ್ತಲೇ ಹೋದಳು. ಅಪ್ಪಿಕೊಂಡವರ ಭುಜದ ಆಚೆ, ಚಿತ್ರದ ತೀರ ಅಂಚಿನಲ್ಲಿ, ಕಾರಿನ ಹಿಂದಿನಿಂದ ಗಂಟು ಹೊರಬಂತು. ಗಂಟು ನಿಂತಿತು. ಗಂಟಿನ ಕೆಳಗಿನ ತಲೆ ಗಕ್ಕನೆ ಹಿಂದಕ್ಕೆ ತಿರುಗಿತು. ಓಡುವ ಸಿನಿಮಾದಲ್ಲಿ ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು, ಅಪ್ಪಿಕೊಂಡವರನ್ನು ಬಿಟ್ಟು ಅತ್ತ ಯಾರು ನೋಡುತ್ತಾರೆ? ವೈಂಡಿಂಗಮ್ಮ ಕೈ ನಿಲ್ಲಿಸಿದಳು.

ಅಗಲ ಹಣೆ. ಕೂಡಿಕೊಂಡ ಹುಬ್ಬು. ಬಾಯಿ ಅರೆ ತೆರೆದು ಏನೋ ಕೇಳುವ ಹಾಗೆ. ಇಪ್ಪತ್ತೊಂದು ವರ್ಷದ ಹುಡುಗಿ, ನೆಟ್ಟಗೆ ಇತ್ತಲೇ ನೋಡುತ್ತಿದ್ದಳು.

ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕತೊಡಗಿದಳು. "ನಾನೇ ಮಗು... ನಾನೇ ಚಿವುಟಿದ್ದು."

"ಏನಂದೆ?"

"ನಂಗೆ ಹದಿಮೂರು ವರ್ಷ. ಅವಳನ್ನ ಸಿನಿಮಾಕ್ಕೆ ತಗೊಂಡ್ರು, ನಿನ್ನನ್ನ ನನ್ನ ಸೊಂಟಕ್ಕೆ ಏರಿಸಿ ನಲ್ಲಿ ಹತ್ರ ನಿಂತ್ಕೋ ಅಂದ್ರು. ಹೊಟ್ಟೆಕಿಚ್ಚು ತಡೀಲಾರದೆ ನಿನ್ನ ತೊಡೆ ಚಿವುಟಿದೆ. ನೀನು ಕಿಟಾರನೆ ಕಿರುಚಿದೆ. ಅವಳು ತಿರುಗಿಬಿಟ್ಲು. ಆ ಸಿನಿಮಾದೋನು ಎಲ್ಲರ ಮುಂದೆ ಬೈದು ಅವಳನ್ನ ಆಚೆ ಕಳಿಸ್ದ. ಮನೆಗೆ ಬಂದು ನಿನ್ನ ತೊಡೆ ಮೇಲಿನ ಗುರುತು ನೋಡಿದ್ಲು, ಎಣ್ಣೆ ಹಚ್ಚಿದ್ಲು, ನನ್ನನ್ನ ಒಂದು ಮಾತೂ ಕೇಳ್ಲಿಲ್ಲ. ಮೂರು ತಿಂಗಳಿಗೆ ಹೋಗ್ಬಿಟ್ಲು. ಯಾರ ಹತ್ರ ಹೇಳ್ಕೊಳ್ಳಲಿ? ಐವತ್ತು ವರ್ಷ ಹೊಟ್ಟೇಲಿ ಇಟ್ಕೊಂಡಿದ್ದೀನಿ." ಬೆರಳನ್ನು ಗಾಜಿನ ಮೇಲಿಟ್ಟಳು. "ಕ್ಯಾಮರಾ ನೋಡ್ತಿಲ್ಲ ಕಣೇ ಅವಳು. ನಲ್ಲಿ ಕ್ಯಾಮರಾದ ಪಕ್ಕದಲ್ಲೇ ಇತ್ತು. ಅವಳು ನೋಡ್ತಿರೋದು ನಿನ್ನನ್ನ."

ವೈಂಡಿಂಗಮ್ಮ ಚಿಕ್ಕಮ್ಮನ ತಲೆಯನ್ನು ಎಳೆದು ತನ್ನ ಎದೆಗೆ ಒತ್ತಿಕೊಂಡಳು. "ಸುಮ್ನಿರು ಚಿಕ್ಕಮ್ಮ. ನೀನು ಚಿವುಟದೇ ಇದ್ದಿದ್ರೆ ನಂಗೆ ಬೆನ್ನೇ ಗತಿಯಾಗ್ತಿತ್ತು" ಅಂದಳು.

ಅನ್ನುತ್ತಲೇ ಅವಳು ಟಿವಿಯಿಂದ ಕಣ್ಣು ಕೀಳಲಿಲ್ಲ. ಗಂಟು ಹೊತ್ತ ಹುಡುಗಿ ಹುಬ್ಬು ಗಂಟಿಕ್ಕಿ, ಮಗುವಿಗೆ ಏನಾಯಿತೋ ಎಂದು ಕಂಗಾಲಾಗಿ ನೋಡುತ್ತಲೇ ಇದ್ದಳು. ಐವತ್ತೆರಡು ವರ್ಷದ ಹೆಂಗಸು ಕೈ ಚಾಚಿ ಆ ಕೆನ್ನೆಯನ್ನು ಮುಟ್ಟಿದಳು.

"ಏನೂ ಆಗಿಲ್ಲಮ್ಮಾ ನಂಗೆ" ಅಂದಳು. "ಚೆನ್ನಾಗಿದ್ದೀನಿ."